ನನ್ನ ಮ್ಯಾರಥಾನಿಗೆ ಪ್ರೇಮಲತಾಳ ಪ್ರೋತ್ಸಾಹ

"ಈ ಸಲ ಐದು ಗಂಟೆಯೊಳಗೆ ಮುಗಿಸದಿದ್ದರೆ ನನ್ನ ಹೆಸರು ವೀರೇಶನೇ ಅಲ್ಲ!"

ಹೀಗೆಂದು ನಾನು ಘೋಷಿಸಿದ್ದು ಮೊಳಕಾಲ್ಮೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಟವೆಲ್ ಸುತ್ತಿಕೊಂಡು, ಎಣ್ಣೆ ಹಚ್ಚಿದ ಮೊಣಕಾಲುಗಳ ಮೇಲೆ ಕೈಯೂರಿ. ಕೇಳಿಸಿಕೊಳ್ಳಲು ಅಲ್ಲಿದ್ದದ್ದು ನನ್ನ ಹೆಂಡತಿ ಪ್ರೇಮಲತಾ ಮತ್ತು ಅವಳ ರೇಷ್ಮೆ ಮಗ್ಗ. ಘೋಷಣೆಗೆ ಮಗ್ಗವೂ ನಿಲ್ಲಲಿಲ್ಲ, ಪ್ರೇಮಲತಾಳೂ ತಲೆಯೆತ್ತಲಿಲ್ಲ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡಿತು, ಈ ಕಡೆಯಿಂದ ಆ ಕಡೆಗೆ ಓಡಿತು. ನಮ್ಮ ಮನೆಯಲ್ಲಿ ನಿಜವಾಗಿ ಓಡುವುದು ಅದೊಂದೇ ಎಂದು ಅವಳ ಅಭಿಪ್ರಾಯ.

ವಿಷಯ ಇಷ್ಟೇ. ಬೆಂಗಳೂರಿನ ದೊಡ್ಡ ಮ್ಯಾರಥಾನಿನಲ್ಲಿ ಕಳೆದ ವರ್ಷ ನಾನು ನಲವತ್ತೆರಡು ಕಿಲೋಮೀಟರನ್ನು ಐದು ಗಂಟೆ ಒಂಬತ್ತು ನಿಮಿಷದಲ್ಲಿ ಓಡಿದ್ದೆ. 'ಓಡಿದ್ದೆ' ಎನ್ನುವುದು ನನ್ನ ಮಾತು. ನೋಡಿದವರು ಬೇರೆ ಕ್ರಿಯಾಪದಗಳನ್ನು ಬಳಸಿದ್ದರು. ಓಟಗಾರನೊಬ್ಬ ಈವರೆಗೆ ಓಡಿದ ಅತಿ ಕಡಿಮೆ ಸಮಯಕ್ಕೆ 'ಪರ್ಸನಲ್ ಬೆಸ್ಟ್' ಎನ್ನುತ್ತಾರೆ, ಚಿಕ್ಕದಾಗಿ ಪಿ.ಬಿ. ನನ್ನ ಈ ಪಿ.ಬಿ.ಯನ್ನು ಐದು ಗಂಟೆಯ ಕೆಳಗೆ ಇಳಿಸುವುದೇ ಬಾಳಿನ ಗುರಿ ಎಂದು ವಿವರಿಸಿದಾಗ ಪ್ರೇಮಲತಾ, ಬಿ.ಪಿ. ಗೊತ್ತು, ಶುಗರ್ ಗೊತ್ತು, ಈ ಹೊಸ ಕಾಯಿಲೆ ಯಾವುದು ಎಂದು ಕೇಳಿದಳು.

ನನ್ನ ಬಗ್ಗೆ ಎರಡು ಮಾತು. ನಾನು ದೇವಸಮುದ್ರದಲ್ಲಿ ಪಶುವೈದ್ಯಕೀಯ ಪರೀಕ್ಷಕ. ಕುರಿಗಳಿಗೆ ಲಸಿಕೆ ಹಾಕುವುದು ನನ್ನ ಮುಖ್ಯ ಕಸುಬು. ಊರವರೆಲ್ಲ 'ಡಾಕ್ಟ್ರೇ' ಎನ್ನುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ. ಎರಡು ವರ್ಷದ ಕೆಳಗೆ ಹೊಟ್ಟೆ ಕರಗಿಸಲು ಓಡಲು ಶುರು ಮಾಡಿದೆ. ಹೊಟ್ಟೆ ಅಲ್ಲೇ ಉಳಿಯಿತು, ಹುಚ್ಚು ತಲೆಗೇರಿತು. ವಾರವೆಲ್ಲ ಸಣ್ಣ ಓಟ, ಭಾನುವಾರ ಉದ್ದದ ಓಟ. ಬೆಳಿಗ್ಗೆ ಮೊಳಕಾಲ್ಮೂರಿನಿಂದ ಹೊರಟು ರಾಯದುರ್ಗದ ರಸ್ತೆಯಲ್ಲಿ ಆಂಧ್ರದ ಗಡಿ ಮುಟ್ಟಿ ವಾಪಸು. ಹಾಗಾಗಿ ನನ್ನನ್ನು ನಾನು ಅಂತರರಾಜ್ಯ ಓಟಗಾರ ಎಂದು ಕರೆದುಕೊಂಡರೆ ಅದರಲ್ಲಿ ಸುಳ್ಳೇನೂ ಇಲ್ಲ!

ಆ ಭಾನುವಾರಗಳೇ ಜಗಳಕ್ಕೆ ಮೂಲ. ನಾನು ಓಟಗಾರನಾಗುವ ಮೊದಲು ಭಾನುವಾರ ಬೆಳಿಗ್ಗೆ ರಾಟೆಯ ಮುಂದೆ ಕೂತು ಪ್ರೇಮಲತಾಳಿಗೆ ಕಂಡಿಕೆ ಸುತ್ತಿಕೊಡುತ್ತಿದ್ದೆ. ಲಾಳಿಯೊಳಗೆ ಕೂರುವ ಆ ಸಣ್ಣ ಕೊಳವೆಗೆ ರೇಷ್ಮೆ ಎಳೆ ಸುತ್ತಿಟ್ಟರೆ ವಾರವಿಡೀ ಅವಳಿಗೆ ನೇಯಲು ಹಗುರ. ನಾನು ಶೂ ಕಟ್ಟಿದ ಮೇಲೆ ಸುತ್ತುವುದೂ ಅವಳೇ, ನೇಯುವುದೂ ಅವಳೇ. ವಾರಕ್ಕೆ ಏಳು ದಿನವೂ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತಾಳೆ. ನನ್ನ ಘೋಷಣೆ ಕೇಳಿದ ಆ ದಿನ ಕಡೆಗೂ ಮಗ್ಗ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಎರಡು ವರ್ಷದಿಂದ ಭಾನುವಾರ ಅಂಬೋದೇ ಇಲ್ಲ ನಂಗೆ" ಎಂದಳು. "ಐದು ಗಂಟೆ ಒಳಗೆ ಬಂದ್ರೆ ಭಾನುವಾರ ನಿಮ್ದು, ಇನ್ನ ಕೇಳಲ್ಲ. ಬರ್ಲಿಲ್ಲ ಅಂದ್ರೆ ಆ ಶೂ ಅಟ್ಟಕ್ಕೆ, ನೀವು ರಾಟೆ ಮುಂದಕ್ಕೆ. ಒಪ್ಗೇನಾ?"

ಒಪ್ಪಿದೆ. ಗಂಡಸು ಟವೆಲ್ ಸುತ್ತಿಕೊಂಡು ಘೋಷಣೆ ಮಾಡಿದ ಮೇಲೆ ಬೇರೆ ದಾರಿ ಇರುವುದಿಲ್ಲ.

ಹದಿನಾರು ವಾರಗಳ ಮಹಾತಪಸ್ಸು ಆರಂಭವಾಯಿತು! ಮೊಬೈಲಿನಿಂದ ತರಬೇತಿಯ ಪಟ್ಟಿ ಇಳಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಕೈಗೆ ಇಂಗ್ಲಿಷಿನಲ್ಲಿ ಮಾತಾಡುವ ವಾಚು ಬಂತು. ಕಾಲಿಗೆ ಕೆಂಡದ ಬಣ್ಣದ ಶೂ ಬಂತು. ಹೊಸ ಶೂ ಪಳಗಬೇಕಲ್ಲ, ಅದನ್ನೇ ಹಾಕಿಕೊಂಡು ಡ್ಯೂಟಿಗೆ ಹೋದೆ. ಲಸಿಕೆಗೆಂದು ಬೇಲಿಯೊಳಗೆ ಕೂಡಿಹಾಕಿದ್ದ ಇನ್ನೂರು ಕುರಿಗಳು ಸೂಜಿ ನೋಡುವ ಮೊದಲೇ ಶೂ ನೋಡಿದವು. ಆಮೇಲೆ ಬೇಲಿ ಇರಲಿಲ್ಲ. ನಾನೂ ನನ್ನ ಸಹೋದ್ಯೋಗಿ ಚಿನ್ನಯ್ಯನೂ ಹೊಲಗಳ ಮೇಲೆ ಅಟ್ಟಿಸಿಕೊಂಡು ಹೋದೆವು. ಕಡೆಯ ಕುರಿ ಸಿಕ್ಕಾಗ ವಾಚು ಕಿಣಿಕಿಣಿ ಎಂದು, ಐದು ಕಿಲೋಮೀಟರಿನಲ್ಲಿ ಇದು ನಿಮ್ಮ ಹೊಸ ದಾಖಲೆ, ಅಭಿನಂದನೆಗಳು ಎಂದು ಇಂಗ್ಲಿಷಿನಲ್ಲಿ ಹೇಳಿತು. ಚಿನ್ನಯ್ಯ ಏದುಸಿರು ಬಿಡುತ್ತಾ, ಬೆಂಗಳೂರಿಗೆ ಹೋಗುವಾಗ ಒಂದು ಟಗರನ್ನೂ ಕರೆದುಕೊಂಡು ಹೋಗಿ ಮುಂದೆ ಬಿಡಬೇಕೆಂದು ಸಲಹೆ ಕೊಟ್ಟ.

ಊಟದಲ್ಲೂ ಶಿಸ್ತು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ತಿಲಾಂಜಲಿ. ಮುದ್ದೆ ಎರಡರಿಂದ ನಾಲ್ಕಕ್ಕೆ ಏರಿತು, ಶಕ್ತಿ ಸಂಗ್ರಹಕ್ಕೆ! ಓಟಗಾರರು ದಾರಿಯಲ್ಲಿ ನೆಕ್ಕುವ ಪೇಟೆಯ ಲೇಹ್ಯ ನನಗೆ ಹಿಡಿಸಲಿಲ್ಲ. ಅದರ ಬದಲು ಪ್ರೇಮಲತಾ ಕಟ್ಟಿಕೊಟ್ಟ ಶೇಂಗಾ ಉಂಡೆಗಳನ್ನು ಜೇಬಿಗೆ ಹಾಕಿಕೊಳ್ಳುವುದು ರೂಢಿಯಾಯಿತು. ಶಾಪ ಹಾಕುತ್ತಲೇ ಉಂಡೆ ಕಟ್ಟುತ್ತಿದ್ದಳು. ಅವಳ ತವರು ರಾಯದುರ್ಗ, ಮನೆಮಾತು ತೆಲುಗು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳ ಕನ್ನಡ ನನ್ನದಕ್ಕಿಂತ ಚುರುಕಾಗಿದೆ. ಸಿಟ್ಟು ಬಂದಾಗ, ಗಾಬರಿಯಾದಾಗ ಮಾತ್ರ ನಾಲಿಗೆ ತಾನಾಗಿ ರಾಯದುರ್ಗಕ್ಕೆ ಹೋಗಿಬಿಡುತ್ತದೆ. ನನಗೂ ತೆಲುಗು ಬರುತ್ತದೆ. ನಮ್ಮೂರಿನಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವುದು ಮಾಮೂಲು, ಯಾರೂ ಗಮನಿಸುವುದಿಲ್ಲ.

ಹೊರಡುವ ದಿನ ನೋಡಿದರೆ ಪ್ರೇಮಲತಾಳ ಬ್ಯಾಗೂ ಸಿದ್ಧವಾಗಿತ್ತು. ಐದು ಗಂಟೆ ಆಯಿತೋ ಇಲ್ಲವೋ ಎಂದು ಕಣ್ಣಾರೆ ನೋಡಲು ನಾನೂ ಬರುತ್ತೇನೆ, ನಿಮ್ಮ ವಾಚಿನ ಮಾತು ನನಗೆ ಅರ್ಥವಾಗುವುದಿಲ್ಲ ಎಂದಳು. ಬಸ್ಸು ಹತ್ತಿದೆವು. ಚಳ್ಳಕೆರೆ ದಾಟುವವರೆಗೆ ನಾನು ಅವಳಿಗೆ ನನ್ನ ಯುದ್ಧತಂತ್ರ ವಿವರಿಸಿದೆ. ಹಿರಿಯೂರಿನ ಹೊತ್ತಿಗೆ ಅವಳು ನಿದ್ದೆ ಹೋಗಿದ್ದಳು.

ತಂತ್ರ ಹೀಗಿತ್ತು. ಈ ಓಟದಲ್ಲಿ ಒಬ್ಬ ಬಾವುಟದವನು ಇರುತ್ತಾನೆ. ಬೆನ್ನಿಗೆ ಕಟ್ಟಿದ ಬಾವುಟದ ಮೇಲೆ '5:00' ಎಂದು ಬರೆದಿರುತ್ತದೆ. ಅವನು ಗಡಿಯಾರದಂತೆ ಒಂದೇ ವೇಗದಲ್ಲಿ ಓಡಿ ಸರಿಯಾಗಿ ಐದು ಗಂಟೆಗೆ ಗೆರೆ ಮುಟ್ಟುತ್ತಾನೆ. ನಾನು ಅವನಿಗಿಂತ ಮುಂದಿದ್ದರೆ ಭಾನುವಾರ ನನ್ನದು, ಹಿಂದಿದ್ದರೆ ರಾಟೆ. ಇಷ್ಟು ಸರಳ! ಪ್ರೇಮಲತಾ ಮೂವತ್ತಾರನೇ ಕಿಲೋಮೀಟರಿನಲ್ಲಿ, ಹಲಸೂರು ಕೆರೆಯ ಹತ್ತಿರ, ಉಪ್ಪು ಹಾಕಿದ ಮಜ್ಜಿಗೆಯ ಬಾಟಲಿ ಹಿಡಿದು ನಿಲ್ಲಬೇಕು. ಅವಳ ದೊಡ್ಡಪ್ಪನ ಮಗಳು ಸ್ವಪ್ನಾಳ ಮನೆಯಲ್ಲಿ ನಾವು ಉಳಿದದ್ದು. ಸ್ವಪ್ನಾಳೇ ಅವಳನ್ನು ಆಟೋದಲ್ಲಿ ಅಲ್ಲಿಗೆ ಬಿಡುವುದೆಂದು ತೀರ್ಮಾನವಾಯಿತು.

ಬೆಳಿಗ್ಗೆ ಐದಕ್ಕೆ ಪಿಸ್ತೂಲು ಸಿಡಿಯಿತು. ನಾನೂ ಸಿಡಿದೆ! ಮೊದಲ ಹತ್ತು ಕಿಲೋಮೀಟರು ನಾನು ಓಡಿದ ರೀತಿಗೆ ಬೆಂಗಳೂರು ಎರಡೂ ಕಡೆ ಹಿಂದೆ ಸರಿಯಿತು. ಬಾವುಟದವನು ಎಲ್ಲೋ ಹಿಂದೆ ಹೆಣಗುತ್ತಿರಬೇಕೆಂದು ಅವನ ಬಗ್ಗೆ ಮರುಕವೂ ಬಂತು. ಇಪ್ಪತ್ತನೇ ಕಿಲೋಮೀಟರಿನಲ್ಲಿ ಶೇಂಗಾ ಉಂಡೆ ಬಾಯಿಗೆ ಹಾಕಿದೆ. ಓಡುತ್ತಾ ಶೇಂಗಾ ಉಂಡೆ ಅಗಿಯುವುದು ನಮ್ಮ ರಸ್ತೆಯಲ್ಲಿ ಸುಲಭ, ಕೆಮ್ಮು ಬಂದರೆ ನಿಂತು ಕೆಮ್ಮಬಹುದು. ಇಲ್ಲಿ ಹಿಂದೆ ಸಾವಿರಾರು ಜನ. ಕೆಮ್ಮುತ್ತಲೇ ಎರಡು ಕಿಲೋಮೀಟರು ಹೋದೆ.

ಇಪ್ಪತ್ತೆಂಟರಲ್ಲಿ ತೊಡೆ ಭಾರವಾಯಿತು. ಮೂವತ್ತರಲ್ಲಿ ಬಾವುಟದವನು ಪಕ್ಕದಲ್ಲಿ ಕಾಣಿಸಿಕೊಂಡ. ತೆಳ್ಳಗಿನ ಹುಡುಗ, ಯಾರ ಜೊತೆಗೋ ಹರಟೆ ಹೊಡೆಯುತ್ತಿದ್ದ. "ಕಮಾನ್ ಅಂಕಲ್" ಎಂದು ನಗುತ್ತಾ ಹೇಳಿ ಮುಂದೆ ಹೋದ. ಅವನ ಬೆನ್ನ ಮೇಲಿನ ಐದು ಗಂಟೆ ನನ್ನ ಕಣ್ಣೆದುರೇ ಸಣ್ಣದಾಗುತ್ತಾ ಹೋಯಿತು. ಮೂವತ್ತೈದರ ಹೊತ್ತಿಗೆ ಅದು ತಿರುವಿನಲ್ಲಿ ಮರೆಯಾಯಿತು. ಎಡಗಾಲಿನ ಮೀನಖಂಡ ಗಂಟು ಕಟ್ಟಿತು. ಮುಂದೆ ರಾಟೆ ಕಾಣತೊಡಗಿತು. ಸುಳ್ಳೇಕೆ ಹೇಳಲಿ, ಅಳು ಬಂತು. ನಲವತ್ತೆಂಟು ವರ್ಷದಲ್ಲಿ ನಾನು ನನಗಾಗಿ ಹಟ ಹಿಡಿದದ್ದು ಇದೊಂದನ್ನೇ. ಅದೂ ಕೈಬಿಟ್ಟು ಹೋಗುತ್ತಿತ್ತು.

ಆಗ ಪ್ರೇಮಲತಾ ಕಂಡಳು. ಕೆರೆಯ ಪಕ್ಕದ ಕಬ್ಬಿಣದ ಕಟಾಂಜನ ಹಿಡಿದು ನಿಂತಿದ್ದವಳು ನನ್ನ ಮುಖ ನೋಡಿದ ಕೂಡಲೇ ರಸ್ತೆಗೇ ಇಳಿದುಬಿಟ್ಟಳು. ಎರಡೂ ಕೈ ಎತ್ತಿ ಕೂಗಿದಳು.

"ಚಾಲು! ಚಾಲು! ರೀ, ಚಾಲೂ!"

ನನ್ನ ಕಿವಿಯನ್ನು ನಾನೇ ನಂಬಲಿಲ್ಲ! ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಹೆಂಡತಿ ನನ್ನನ್ನು ಹುರಿದುಂಬಿಸುತ್ತಿದ್ದಾಳೆ! ನಿಂತ ಮೋಟಾರಿಗೆ ಹೇಳುವಂತೆ ಹೇಳುತ್ತಿದ್ದಾಳೆ, ಚಾಲು ಆಗು ಎಂದು! ತಾನು ಸೋತರೂ ಚಿಂತೆಯಿಲ್ಲ, ಭಾನುವಾರ ಹೋದರೂ ಚಿಂತೆಯಿಲ್ಲ, ಗಂಡ ಗೆಲ್ಲಬೇಕು! ಯಾವ ಜನ್ಮದ ಪುಣ್ಯವಪ್ಪಾ ಇದು! ಮೈಯೆಲ್ಲಾ ಜುಮ್ಮೆಂದಿತು. ಚಾಲು ಆದೆ. ಮಜ್ಜಿಗೆ ಕೂಡ ತೆಗೆದುಕೊಳ್ಳದೆ ಅವಳ ಮುಂದೆಯೇ ಹಾದು ನುಗ್ಗಿದೆ.

ಅವಳು ಬಿಡಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹಿಂದೆಯೇ ಓಡಿ ಬಂದಳು. ನಂಬರಿಲ್ಲದವರು ಓಡುವಂತಿಲ್ಲ ಎಂದು ಒಬ್ಬ ಸ್ವಯಂಸೇವಕ ಅಡ್ಡ ಬಂದನಂತೆ. ನಮ್ಮ ಯಜಮಾನರು ಎಂದು ಅವಳು ನನ್ನ ಕಡೆ ಕೈ ತೋರಿಸಿದಳಂತೆ. ಅವನು ನನ್ನನ್ನೊಮ್ಮೆ ನೋಡಿ ದಾರಿ ಬಿಟ್ಟನಂತೆ. ಇದೆಲ್ಲ ಆಮೇಲೆ ಗೊತ್ತಾದದ್ದು. ಆಗ ನನಗೆ ಕೇಳಿಸುತ್ತಿದ್ದದ್ದು ಬೆನ್ನ ಹಿಂದಿನ "ಚಾಲು, ಚಾಲು" ಒಂದೇ. ಅವಳ ದನಿ ಏರಿದಷ್ಟೂ ನನ್ನ ವೇಗ ಏರಿತು. ದಾರಿಯ ಬದಿ ನಿಂತವರಿಗೂ ಅದು ಹಿಡಿಸಿತು. ಅವರೂ ಚಪ್ಪಾಳೆ ತಟ್ಟಿ ಚಾಲು ಚಾಲು ಎನ್ನತೊಡಗಿದರು. ಪಕ್ಕದಲ್ಲಿ ಕುಂಟುತ್ತಿದ್ದ ಇನ್ನಿಬ್ಬರು ಓಟಗಾರರು ಕೂಡ ಚಾಲು ಆದರು!

ನಡುನಡುವೆ ಅವಳು "ಆಗಂಡಿ, ಆಗಂಡಿ" ಎನ್ನುತ್ತಿದ್ದಳು. ಆಗುತ್ತದೋ ಇಲ್ಲವೋ ಎಂದು ಪಾಪ ಅವಳಿಗೆ ಕಳವಳ ಎಂದುಕೊಂಡೆ. "ಆಗುತ್ತೆ, ಆಗುತ್ತೆ" ಎಂದು ತಿರುಗಿ ನೋಡದೆ ಧೈರ್ಯ ಹೇಳಿದೆ. ಮೂವತ್ತೊಂಬತ್ತರಲ್ಲಿ ಅಳುದನಿಯಲ್ಲಿ "ಪೋತಾರು, ಪೋತಾರು" ಎಂದಳು. ಹೋಗಿಬಿಡ್ತಾರೆ! ಹೌದಲ್ಲ! ಮುಂದೆ ಬಾವುಟದವನು ಮತ್ತೆ ಕಾಣಿಸಿದ್ದ. ಅವರು ತಪ್ಪಿಸಿಕೊಂಡು ಹೋಗಿಬಿಡುತ್ತಾರೆ ಎಂದು ಎಚ್ಚರಿಸುತ್ತಿದ್ದಾಳೆ! ಹಲ್ಲು ಕಚ್ಚಿ ಇನ್ನೂ ಜೋರು ಮಾಡಿದೆ. ನಲವತ್ತರಲ್ಲಿ ಅವಳು ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದಳು. ದೂಡುತ್ತಿದ್ದಾಳೆ ಎಂದುಕೊಂಡೆ. ನಲವತ್ತೊಂದರಲ್ಲಿ ನನ್ನನ್ನು ದಾಟಿ ಮುಂದೆ ಹೋಗಿ, ನನ್ನ ಕಡೆ ಮುಖ ಮಾಡಿ, ಎರಡೂ ಕೈ ಅಗಲಿಸಿ ಹಿಂದುಹಿಂದಕ್ಕೆ ಓಡಿದಳು. ಬರಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಬಾವುಟದವನನ್ನು ಆಗಲೇ ನಾವಿಬ್ಬರೂ ದಾಟಿದ್ದು. ಅವನ ಹರಟೆ ನಿಂತಿತ್ತು.

ಗೆರೆ ಮುಟ್ಟಿದಾಗ ನಾಲ್ಕು ಗಂಟೆ ಐವತ್ತೊಂಬತ್ತು ನಿಮಿಷ ಇಪ್ಪತ್ತೊಂದು ಸೆಕೆಂಡು!

ಗೆದ್ದೆ! ಕೊರಳಿಗೆ ಪದಕ ಬಿತ್ತು. ಹುಲ್ಲಿನ ಮೇಲೆ ಬಿದ್ದೆ. ಪಕ್ಕದಲ್ಲಿ ಕೂತು ಪ್ರೇಮಲತಾ ನನ್ನ ಬಾಯಿಗೆ ಮಜ್ಜಿಗೆ ಹುಯ್ದಳು. ಆರು ಕಿಲೋಮೀಟರು ಕೈಯಲ್ಲೇ ಬಂದು ಅದು ಬೆಣ್ಣೆಯ ಹಂತಕ್ಕೆ ಹೋಗಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ಅವಳ ಕೈ ಹಿಡಿದೆ.

"ನಿನ್ನಿಂದ್ಲೇ ಆತು ಪ್ರೇಮಾ. ನೀನು ಚಾಲು ಚಾಲು ಅನ್ನದಿದ್ರೆ ನಾನು ಅಲ್ಲೇ ಕುಂತ್ ಬಿಡ್ತಿದ್ದೆ."

"ಕುಂತ್ಕಳ್ಳಿ ಅಂತ್ಲೇ ಅಂದಿದ್ದು" ಎಂದಳು.

ನಾನು ಹುಲ್ಲಿನ ಮೇಲೆ ಎದ್ದು ಕೂತೆ.

"ಚಾಲು ಅಂದ್ರೆ ಸಾಕು ಅಂತ ಅಲ್ವೇನ್ರಿ? ದಿನಾ ಅನ್ನ ಬಡಿಸೋವಾಗ ತಟ್ಟೆ ಮ್ಯಾಲೆ ಕೈ ಅಡ್ಡ ಹಿಡಿದು ನೀವೇ ಅಂತೀರಲ್ಲ, ಚಾಲು ಚಾಲು ಅಂತ?"

ಅನ್ನುತ್ತೇನೆ. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಎರಡು ಹೊತ್ತು ಅನ್ನುತ್ತೇನೆ. ತೆಲುಗಿನಲ್ಲಿ ಚಾಲು ಎಂದರೆ ಸಾಕು. ಆಗಂಡಿ ಎಂದರೆ ನಿಲ್ಲಿ. ಪೋತಾರು ಎಂದರೆ ಹೋಗುತ್ತಾರೆ ಎಂದೂ ಹೌದು, ನೀವು ಸತ್ತೇ ಹೋಗುತ್ತೀರಿ ಎಂದೂ ಹೌದು. ಎಲ್ಲ ಗೊತ್ತಿದ್ದ ಮಾತುಗಳೇ. ಮೂವತ್ತಾರು ಕಿಲೋಮೀಟರು ಓಡಿದ ತಲೆಯಲ್ಲಿ ಯಾವ ಪದವನ್ನು ಯಾವ ಭಾಷೆಯಲ್ಲಿ ಕೇಳಿಸಿಕೊಳ್ಳಬೇಕೆಂದು ನನ್ನ ಆಸೆಯೇ ತೀರ್ಮಾನ ಮಾಡಿತ್ತು. ಹೆಂಡತಿ ನಿಲ್ಲಿ, ಸಾಕು, ಸಾಯುತ್ತೀರಿ ಎಂದು ಆರು ಕಿಲೋಮೀಟರು ಅಳುತ್ತಾ ಬಂದಿದ್ದಳು. ಅದೇ ಅಳುವಿನ ಮೇಲೆ ನಾನು ದಾಖಲೆ ಮಾಡಿದ್ದೆ.

"ನಿಮ್ಮ ಮಕ ನೀವು ನೋಡ್ಕಂಬೇಕಿತ್ತು. ಬೂದಿ ಬಳ್ದಂಗಿತ್ತು" ಎಂದು ಸೆರಗಿನಿಂದ ಮೂಗೊರೆಸಿಕೊಂಡಳು. "ಭಾನುವಾರನೂ ಬ್ಯಾಡ, ಕಂಡಿಕೆನೂ ಬ್ಯಾಡ, ಇವರು ಉಳಿದ್ರೆ ಸಾಕು ಅಂತ ಓಡಿ ಬಂದೆ ನಾನು."

ನಾಚಿಕೆಯಾಯಿತು. ಪದಕ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿ ಕಾಲು ಚಾಚಿ ನರಳುತ್ತಿದ್ದ ಹುಡುಗಿಯೊಬ್ಬಳು ಪ್ರೇಮಲತಾಳನ್ನೇ ನೋಡುತ್ತಾ, ಆಂಟಿ ಎಷ್ಟು ವರ್ಷದಿಂದ ಓಡುತ್ತಿದ್ದೀರಿ ಎಂದು ವಿಚಾರಿಸಿದಳು. ಇವತ್ತಿನಿಂದ ಎಂದಳು ಇವಳು. ಆಗಲೇ ನಾನು ಗಮನಿಸಿದ್ದು. ನನ್ನ ಎದೆ ಕಮ್ಮಾರನ ತಿದಿಯಂತೆ ಹೊಡೆದುಕೊಳ್ಳುತ್ತಿತ್ತು. ಇವಳಿಗೆ ಏದುಸಿರು ಕೂಡ ಇಲ್ಲ! ಸೀರೆ ಉಟ್ಟು, ಬರಿಗಾಲಲ್ಲಿ, ಚಪ್ಪಲಿ ಬಾಟಲಿ ಹಿಡಿದು, ದಾರಿಯುದ್ದಕ್ಕೂ ಕೂಗುತ್ತಾ, ಕಡೆಗೆ ಹಿಂದುಹಿಂದಕ್ಕೂ ಓಡಿ ಬಂದವಳಿಗೆ ಹಣೆಯ ಕುಂಕುಮ ಕೂಡ ಕರಗಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನಾನೇ ಮಾತು ತೆಗೆದೆ. ಒಪ್ಪಂದ ರದ್ದು, ಇನ್ನು ಮೇಲೆ ಭಾನುವಾರ ರಾಟೆಯ ಮುಂದೆ ಕೂರುತ್ತೇನೆ ಎಂದೆ. ಮನಸ್ಸಿನಿಂದಲೇ ಹೇಳಿದೆ. ಪ್ರೇಮಲತಾ ಕಿಟಕಿಯಿಂದ ನನ್ನ ಕಡೆ ತಿರುಗಿದಳು.

"ನಾನು ಮಾತಿಗೆ ತಪ್ಪಲ್ಲ. ಭಾನುವಾರ ನಿಮ್ದೇ" ಎಂದಳು. "ಕಂಡಿಕೆ ಶನಿವಾರ ಸಂಜೆ ಇಬ್ರೂ ಕುಂತು ಸುತ್ತಾಣ. ನಂಗೂ ಒಂದು ಜೊತೆ ಶೂ ತಗಳ್ರಿ. ಆ ಗುಂಡಿಯಾಗೆ ಕುಂತು ಕುಂತು ಬ್ಯಾಸರಾಗೈತೆ. ಇವತ್ತು ಓಡೋವಾಗ ಮಕಕ್ಕೆ ಗಾಳಿ ಹೊಡೀತಿತ್ತು, ಚಂದ ಇತ್ತು."

ಸಂತೋಷದಿಂದ ಕೊಡಿಸಿದೆ. ಅವಳಿಗೆ ಓಟದ ಪಾಠ ಹೇಳಿಕೊಡುವ ಗುರುವಾಗುವ ಯೋಗ ನನಗೆ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದೆ ಕೂಡ! ಮೊದಲ ಭಾನುವಾರ ಬೆಳಿಗ್ಗೆ ರಾಯದುರ್ಗದ ರಸ್ತೆಗೆ ಇಳಿದೆವು. ಮೊದಲು ನಿಧಾನ, ಉಸಿರಿನ ಲೆಕ್ಕ, ಹೆಜ್ಜೆಯ ಅಳತೆ ಎಂದು ಪಾಠ ಆರಂಭಿಸಿದೆ. ಎರಡನೇ ವಾಕ್ಯಕ್ಕೆ ಅವಳು ಹತ್ತು ಮಾರು ಮುಂದಿದ್ದಳು. ಮೂರನೇ ವಾಕ್ಯವನ್ನು ನಾನು ಕೂಗಿ ಹೇಳಬೇಕಾಯಿತು. ನಾಲ್ಕನೆಯದಕ್ಕೆ ನನ್ನಲ್ಲಿ ಉಸಿರಿರಲಿಲ್ಲ.

ಐದು ಕಿಲೋಮೀಟರಿನ ಹೊತ್ತಿಗೆ ಅವಳ ಹಸಿರು ಸೀರೆ ದೂರದ ತಿರುವಿನಲ್ಲಿ ಒಂದು ಚುಕ್ಕೆಯಾಗಿತ್ತು. "ಪ್ರೇಮಾ, ನಿಲ್ಲೇ" ಎಂದು ಕೂಗುತ್ತಾ, ಕೈ ಚಾಚಿಕೊಂಡು, ಎದೆ ಹಿಡಿದುಕೊಂಡು ನಾನು ಹಿಂದೆ ಬೀಳುತ್ತಾ ಏಳುತ್ತಾ ಹೋಗುತ್ತಿದ್ದೆ. ರಸ್ತೆಯ ಪಕ್ಕ ಕುರಿ ಮೇಯಿಸುತ್ತಿದ್ದ ಕ್ಯಾತಣ್ಣ ಕೋಲಿನ ಮೇಲೆ ಗದ್ದವಿಟ್ಟು ಇದನ್ನೆಲ್ಲ ನೋಡುತ್ತಿದ್ದ. ಅವನ ಕುರಿಗಳಿಗೆ ನಾನೇ ಸೂಜಿ ಹಾಕುವವನು, ಪರಿಚಯವುಂಟು. ಆ ತಿರುವಿನ ಕಡೆ ಒಮ್ಮೆ ನೋಡಿದ, ನನ್ನ ಕಡೆ ಒಮ್ಮೆ ನೋಡಿದ.

"ಏನ್ ಡಾಕ್ಟ್ರೇ, ಅಕ್ಕಾರು ಮುನಿಸ್ಕಂಡು ತವರಿಗೆ ಹೊಂಟ್ರಾ?" ಎಂದು ಮೆಲ್ಲಗೆ ಕೇಳಿದ.

ಅಲ್ಲ, ನಾನು ಅವಳಿಗೆ ಓಟ ಕಲಿಸುತ್ತಿದ್ದೇನೆ ಎಂದು ಹೇಳಲು ಉಸಿರು ಸಾಲಲಿಲ್ಲ. ತಲೆಯಾಡಿಸಿದೆ. ಅದು ಹೌದು ಎನ್ನುವಂತೆ ಆಡಿತು.

ಕ್ಯಾತಣ್ಣ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. ಅವನ ಕಣ್ಣಲ್ಲಿ ನಿಜವಾದ ಕನಿಕರವಿತ್ತು.

"ಬಸ್ಸಿಗೆ ಹೋಗ್ರಿ ಡಾಕ್ಟ್ರೇ. ಓಡಿ ಹಿಡಿಯಾಕೆ ನಿಮ್ ಕೈಲಿ ಆಗಲ್ಲ."

ಹಿಂದಿನಿಂದ ರಾಯದುರ್ಗದ ಬಸ್ಸು ಬರುತ್ತಿತ್ತು. ಕೈ ಮಾಡಿದೆ. ನಿಂತಿತು. ಹತ್ತಿದೆ.